ಕ್ಯಾಪ್ಟನ್ ಮೇಜಿಗೆ ಕರೆ ಬರುವುದು ಹೇಗೆ?

ಪ್ರಯಾಣಿಕರ ಹಡಗುಗಳ ಡೈನಿಂಗ್ ರೂಮಿನಲ್ಲಿ ನಾನು ಬಹುಕಾಲ ಕೆಲಸ ಮಾಡಿದ್ದೇನೆಂದು ತಿಳಿದವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಕ್ರೂಸ್‌ಗೆ ಹೋದಾಗ ಕ್ಯಾಪ್ಟನ್ ಜೊತೆ ಕುಳಿತು ಊಟ ಮಾಡಬೇಕೆಂದರೆ ಏನು ಮಾಡಬೇಕು? ಹೆಚ್ಚಿಗೆ ಹಣ ಕಟ್ಟಬೇಕೆ, ಯಾರದಾದರೂ ಶಿಫಾರಸು ಬೇಕೆ, ಅತಿ ದುಬಾರಿ ಕ್ಯಾಬಿನ್ ಹಿಡಿದವರಿಗಷ್ಟೇ ಅದು ಮೀಸಲೆ ಎಂದು ಅದರ ಬೆನ್ನಿಗೇ ಬೇರೆ ಪ್ರಶ್ನೆಗಳೂ ಬರುತ್ತವೆ. ನನ್ನ ಉತ್ತರ ಇಷ್ಟು. ಆ ಮೇಜಿನ ಕುರ್ಚಿ ಮಾರಾಟಕ್ಕಿಲ್ಲ, ಆದರೆ ವಿನಯದಿಂದ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಕೇಳುವಾಗ ಕ್ಯಾಪ್ಟನ್ ಒಬ್ಬರನ್ನೇ ಹೆಸರಿಸದೆ, ಯಾರಾದರೂ ಹಿರಿಯ ಅಧಿಕಾರಿಯ ಮೇಜಾದರೂ ಸಂತೋಷವೇ ಎಂದವರಿಗೆ ಅವಕಾಶ ಸಿಗುವ ಸಂಭವ ಹೆಚ್ಚು, ಅನೇಕ ವೇಳೆ ಆ ಸಂಜೆಯ ಸೊಗಸೂ ಹೆಚ್ಚು.

ಮೊದಲು ಲೆಕ್ಕ ನೋಡೋಣ. ಏಳು ರಾತ್ರಿಗಳ ಯಾನದಲ್ಲಿ ಒಂದೋ ಎರಡೋ ಗಾಲಾ ರಾತ್ರಿಗಳಿರುತ್ತವೆ, ಅಂದರೆ ಎಲ್ಲರೂ ಔಪಚಾರಿಕ ಉಡುಪು ತೊಟ್ಟು ಊಟಕ್ಕೆ ಬರುವ ರಾತ್ರಿಗಳು. ಕ್ಯಾಪ್ಟನ್ ಮೇಜು ಏರ್ಪಾಡಾಗುವುದು ಬಹುಮಟ್ಟಿಗೆ ಆಗಲೇ. ಒಂದು ಮೇಜಿಗೆ ಎಂಟೋ ಹತ್ತೋ ಕುರ್ಚಿಗಳು. 2024ರಲ್ಲಿ ಸಂಚಾರ ಆರಂಭಿಸಿದ ‘ಐಕಾನ್ ಆಫ್ ದಿ ಸೀಸ್’ನಷ್ಟು ದೊಡ್ಡ ಹಡಗಿನಲ್ಲಿ, ಕ್ಯಾಬಿನ್‌ಗೆ ಇಬ್ಬರಂತೆ ಲೆಕ್ಕ ಹಿಡಿದರೂ 5,600ಕ್ಕಿಂತ ಹೆಚ್ಚು ಪ್ರಯಾಣಿಕರಿರುತ್ತಾರೆ. ಅಂಥ ಜನಸಂಖ್ಯೆಯಲ್ಲಿ ಇಂಥ ಊಟ ನಡೆದರೂ ಹದಿನೈದು ಇಪ್ಪತ್ತು ಮಂದಿಯನ್ನು ಬಿಟ್ಟು ಉಳಿದವರಿಗೆ ಕರೆ ಬರಲು ಸಾಧ್ಯವೇ ಇಲ್ಲ. ಕೆಲವೇ ನೂರು ಪ್ರಯಾಣಿಕರನ್ನು ಒಯ್ಯುವ ಸೀಬೋರ್ನ್, ಸಿಲ್ವರ್‌ಸೀ ಮೊದಲಾದ ಕಂಪನಿಗಳ ಸಣ್ಣ ಹಡಗುಗಳಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಅಧಿಕಾರಿಗಳು ಪ್ರಯಾಣಿಕರ ನಡುವೆ ಕುಳಿತು ಆತಿಥ್ಯ ವಹಿಸುವುದು ವಿಶೇಷ ದಿನದ ಸಂಗತಿಯೇನೂ ಅಲ್ಲ. ಇನ್ನೊಂದೆಡೆ, ನಾರ್ವೇಜಿಯನ್ ಕ್ರೂಸ್ ಲೈನ್ 2000ದಲ್ಲಿ ಗೊತ್ತಾದ ಊಟದ ಹೊತ್ತನ್ನೂ ಗೊತ್ತಾದ ಮೇಜನ್ನೂ ಕೈಬಿಟ್ಟು ‘ಫ್ರೀಸ್ಟೈಲ್’ ಪದ್ಧತಿ ತಂದ ಮೇಲೆ, ಬೇರೆ ಕಂಪನಿಗಳೂ ಒಂದಷ್ಟು ಅದೇ ದಾರಿ ಹಿಡಿದವು. ಎಲ್ಲರೂ ತಮಗಿಷ್ಟ ಬಂದ ಹೊತ್ತಿಗೆ, ಇಷ್ಟ ಬಂದ ರೆಸ್ಟೋರೆಂಟಿನಲ್ಲಿ ಉಣ್ಣುವ ಹಡಗಿನಲ್ಲಿ ಕ್ಯಾಪ್ಟನ್ ಮೇಜಿಗೆ ಹಿಂದಿನ ಸ್ಥಾನ ಉಳಿಯುವುದು ಕಷ್ಟ. ಆದ್ದರಿಂದ ಈ ಊಟದ ಆಸೆ ನಿಜವಾಗಿಯೂ ಇರುವವರು ಟಿಕೆಟ್ ಕೊಳ್ಳುವ ಮೊದಲೇ ಹಡಗನ್ನು ವಿಚಾರಿಸಿ ಆರಿಸಿಕೊಳ್ಳುವುದು ಒಳ್ಳೆಯದು. 2004ರಿಂದ ಸಂಚರಿಸುತ್ತಿರುವ ಕ್ಯುನಾರ್ಡ್ ಕಂಪನಿಯ ‘ಕ್ವೀನ್ ಮೇರಿ 2’ ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಸಾಮಾನ್ಯವಾಗಿ ಏಳು ರಾತ್ರಿಗಳಲ್ಲಿ ಅಟ್ಲಾಂಟಿಕ್ ದಾಟುತ್ತದೆ. ನಡುವೆ ಬಂದರುಗಳಿಲ್ಲದ ಅಂಥ ಯಾನದಲ್ಲಿ ಅಧಿಕಾರಿಗಳಿಗೂ ಪ್ರಯಾಣಿಕರಿಗೂ ಸಂಜೆಯ ಬಿಡುವು ಹೆಚ್ಚು, ಗಾಲಾ ರಾತ್ರಿಯ ಸಂಪ್ರದಾಯವೂ ಗಟ್ಟಿ.

ಅತಿಥಿಗಳ ಪಟ್ಟಿ ತಯಾರಾಗುವುದನ್ನು ಹತ್ತಿರದಿಂದ ನೋಡಿದವನಾದ್ದರಿಂದ ಇದನ್ನು ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ. ಹೆಸರುಗಳು ಹಲವು ಕಡೆಗಳಿಂದ ಬರುತ್ತವೆ. ಅದೇ ಕಂಪನಿಯ ಹಡಗುಗಳಲ್ಲಿ ಮತ್ತೆ ಮತ್ತೆ ಪ್ರಯಾಣಿಸಿದವರ ಹೆಸರು ಒಂದು ಕಡೆಯಿಂದ, ದೊಡ್ಡ ಸೂಟ್‌ಗಳಲ್ಲಿ ತಂಗಿರುವವರದು ಇನ್ನೊಂದು ಕಡೆಯಿಂದ. ಮದುವೆಯ ಐವತ್ತನೆಯ ವರ್ಷವನ್ನು ಹಡಗಿನಲ್ಲಿ ಆಚರಿಸುವ ದಂಪತಿ, ಹಿಂದೆ ನೌಕಾಪಡೆಯಲ್ಲೋ ಸರಕು ಹಡಗಿನಲ್ಲೋ ದುಡಿದವರು, ಒಬ್ಬಂಟಿಯಾಗಿ ಪ್ರಯಾಣಿಸುವವರು, ಸ್ವಾಗತ ಕೂಟದಲ್ಲಿ ಕ್ಯಾಪ್ಟನ್ ತಾವೇ ಮಾತನಾಡಿಸಿ ನೆನಪಿಟ್ಟುಕೊಂಡವರು, ಹೀಗೆ ಪಟ್ಟಿ ಬೆಳೆಯುತ್ತದೆ. ಅದು ಹಡಗಿನ ವಸತಿ, ಊಟ, ಸೇವೆಗಳ ಮುಖ್ಯಸ್ಥರಾದ ಹೋಟೆಲ್ ಡೈರೆಕ್ಟರ್ ಮತ್ತು ರೆಸ್ಟೋರೆಂಟ್ ಮ್ಯಾನೇಜರ್ ಕೈಗೆ ಬಂದಾಗ ನಿಜವಾದ ಕೆಲಸ ಶುರುವಾಗುತ್ತದೆ, ಏಕೆಂದರೆ ಯೋಗ್ಯರಾದ ಎಂಟು ಮಂದಿಯನ್ನು ಒಟ್ಟಿಗೆ ಕೂರಿಸಿದ ಮಾತ್ರಕ್ಕೆ ಅದು ಒಳ್ಳೆಯ ಮೇಜಾಗುವುದಿಲ್ಲ. ಎಲ್ಲರಿಗೂ ತಿಳಿಯುವ ಒಂದು ಭಾಷೆ ಇರಬೇಕು. ಮಾತು ಬಿಡದವರು ಇಬ್ಬರಿದ್ದರೆ ಅವರನ್ನು ದೂರ ದೂರ ಕೂರಿಸಬೇಕು. ಸಂಕೋಚದ ಸ್ವಭಾವದವರ ಪಕ್ಕಕ್ಕೆ ಅವರನ್ನು ಮೆಲ್ಲನೆ ಮಾತಿಗೆ ಎಳೆಯಬಲ್ಲವರು ಬೇಕು.

ಇಲ್ಲಿ ಹೊರಗಿನವರಿಗೆ ಗೊತ್ತಿಲ್ಲದ ಸಂಗತಿಯೊಂದನ್ನು ಹೇಳಬೇಕು. ಯಾರು ಹೇಗೆ ಎಂಬುದು ಮ್ಯಾನೇಜರ್‌ಗೆ ತಿಳಿಯುವುದು ಬಹುತೇಕ ವೇಟರ್‌ಗಳಿಂದ. ಮೊದಲ ಎರಡು ರಾತ್ರಿಗಳ ಊಟ ಮುಗಿದು ಮೇಜುಗಳನ್ನು ತೆರವು ಮಾಡುವಾಗ, ಕಿಟಕಿ ಬಳಿಯ ಮೇಜಿನ ಆ ಹಿರಿಯರು ಅಪರಿಚಿತರನ್ನೂ ನಗಿಸುತ್ತಾರೆ, ಕಂಬದ ಹಿಂದಿನ ಮೇಜಿನ ದಂಪತಿ ತಟ್ಟೆ ತಡವಾದರೂ ಮುಖ ಗಂಟಿಕ್ಕಲಿಲ್ಲ ಎಂಬಂಥ ಮಾತುಗಳು ಸಹಜವಾಗಿ ಬರುತ್ತವೆ, ಮ್ಯಾನೇಜರ್ ಅವನ್ನು ಕೇಳಿಸಿಕೊಳ್ಳುತ್ತಾರೆ. ಕೊನೆಯ ಕುರ್ಚಿಗೆ ಇಬ್ಬರಲ್ಲಿ ಯಾರು ಎಂಬ ಪ್ರಶ್ನೆ ಬಂದಾಗ ವೇಟರ್ ಹೇಳಿದ ಒಂದು ಮಾತು ತೂಕದ್ದಾದುದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಕೇಳುವುದಾದರೆ ಮೊದಲ ಅಥವಾ ಎರಡನೆಯ ದಿನವೇ ಕೇಳಿ. ಊಟದ ಗಲಾಟೆಯ ನಡುವೆ ಬೇಡ. ಮಧ್ಯಾಹ್ನ ರೆಸ್ಟೋರೆಂಟ್ ಮ್ಯಾನೇಜರ್ ಮೇಜು ಬದಲಾವಣೆಯ ಕೋರಿಕೆಗಳನ್ನು ಆಲಿಸುವ ಹೊತ್ತು ಇದಕ್ಕೆ ಸರಿಯಾದದ್ದು. ನಿಮ್ಮ ಆಸಕ್ತಿ ಏನು, ಈ ಯಾನದ ಸಂದರ್ಭ ಯಾವುದು ಎಂದು ಎರಡು ವಾಕ್ಯಗಳಲ್ಲಿ ಹೇಳಿದರೆ ಸಾಕು. ಹಿಂದಿನ ಪ್ರಯಾಣಗಳ ಪಟ್ಟಿ ಒಪ್ಪಿಸುವ ಅಗತ್ಯವಿಲ್ಲ, ಅದು ಅವರ ಕಂಪ್ಯೂಟರಿನಲ್ಲೇ ಇರುತ್ತದೆ. ನೋಟು ಮಡಚಿ ಕೈಗಿಡುವುದಂತೂ ಬೇಡವೇ ಬೇಡ. ಅದರಿಂದ ಎದುರಿನವರು ಇಕ್ಕಟ್ಟಿಗೆ ಸಿಲುಕುತ್ತಾರೆ, ನಿಮ್ಮ ಹೆಸರೂ ಕೆಳಗಿಳಿಯುತ್ತದೆ. ಆಹ್ವಾನ ಬರುವುದು ಕ್ಯಾಬಿನ್ನಿಗೆ ಬರುವ ಕಾರ್ಡಿನ ರೂಪದಲ್ಲಿ ಅಥವಾ ಫೋನ್ ಕರೆಯ ಮೂಲಕ, ಬಹುತೇಕ ಹಿಂದಿನ ದಿನ ಅಥವಾ ಅದೇ ಬೆಳಿಗ್ಗೆ. ಅದರಲ್ಲಿ ಹೇಳಿದ ಹೊತ್ತಿನೊಳಗೆ ಒಪ್ಪಿಗೆ ತಿಳಿಸದಿದ್ದರೆ ಕುರ್ಚಿ ಪಟ್ಟಿಯ ಮುಂದಿನವರಿಗೆ ಹೋಗುತ್ತದೆ. ಬೆಳಿಗ್ಗೆಯೇ ದಡಕ್ಕಿಳಿದು ಸುತ್ತಾಡಿ, ಸಂಜೆ ಬಂದು ಕಾರ್ಡು ನೋಡಿ ಪೇಚಾಡಿದವರು ಎಷ್ಟೋ ಮಂದಿ.

ಇನ್ನು ಆ ಸಂಜೆಯ ವಿಚಾರ. ಅತಿಥಿಗಳೆಲ್ಲ ಊಟಕ್ಕೆ ತುಸು ಮುಂಚೆ ಬಾರ್‌ನಲ್ಲೋ ಲಾಂಜ್‌ನಲ್ಲೋ ಸೇರಿ ಪರಸ್ಪರ ಪರಿಚಯ ಮಾಡಿಕೊಳ್ಳುತ್ತಾರೆ. ನಂತರ ಕ್ಯಾಪ್ಟನ್ ಜೊತೆ ಒಟ್ಟಾಗಿ ಡೈನಿಂಗ್ ರೂಮಿಗೆ ನಡೆದು ಬರುತ್ತಾರೆ. ಪ್ರತಿ ತಟ್ಟೆಯ ಮುಂದೆ ಹೆಸರಿನ ಚೀಟಿ ಇರುತ್ತದೆ, ಅದನ್ನು ಅದಲುಬದಲು ಮಾಡಬಾರದು. ಸಾಮಾನ್ಯವಾಗಿ ಒಂದು ಗುಂಪು ಫೋಟೊ ತೆಗೆಯುತ್ತಾರೆ, ಆದ್ದರಿಂದ ಊಟದುದ್ದಕ್ಕೂ ಫೋನ್ ಹಿಡಿದು ಕೂರುವ ಅಗತ್ಯವಿಲ್ಲ. ವೈನ್ ಬಹುಮಟ್ಟಿಗೆ ಆತಿಥೇಯರ ಕಡೆಯಿಂದ. ಆದರೆ ಕ್ಯಾಪ್ಟನ್ ಲೋಟದಲ್ಲಿ ನೀರಿದ್ದರೆ ಅಚ್ಚರಿಪಡಬೇಡಿ, ಕುಡಿಯಲು ಒತ್ತಾಯಿಸಲೂ ಬೇಡಿ. ನಾವಿಕರ ತರಬೇತಿ ಮತ್ತು ಕಾವಲು ಕೆಲಸವನ್ನು ಕುರಿತ ಎಸ್‌ಟಿಸಿಡಬ್ಲ್ಯೂ ಒಪ್ಪಂದಕ್ಕೆ 2010ರಲ್ಲಿ ಮನಿಲಾದಲ್ಲಿ ಆದ ತಿದ್ದುಪಡಿಗಳು 2012ರ ಜನವರಿಯಿಂದ ಜಾರಿಯಲ್ಲಿವೆ. ಅವುಗಳ ಪ್ರಕಾರ, ಸುರಕ್ಷತೆಗೆ ಸಂಬಂಧಿಸಿದ ಕರ್ತವ್ಯದಲ್ಲಿರುವ ಕ್ಯಾಪ್ಟನ್ ಮತ್ತು ಅಧಿಕಾರಿಗಳ ರಕ್ತದಲ್ಲಿ ಆಲ್ಕೊಹಾಲ್ ಪ್ರಮಾಣ ಶೇಕಡ 0.05ನ್ನು ಮೀರುವಂತಿಲ್ಲ. ಅನೇಕ ಕಂಪನಿಗಳ ಸ್ವಂತ ನಿಯಮ ಇದಕ್ಕಿಂತಲೂ ಬಿಗಿ. ಹಾಗೆಯೇ ಕೈ ಕುಲುಕುವುದಕ್ಕೆ ಬದಲಾಗಿ ಅವರು ಮುಷ್ಟಿ ಮುಂದೊಡ್ಡಿದರೆ ಅಥವಾ ಬರೀ ತಲೆಬಾಗಿದರೆ ಅದು ಅಹಂಕಾರವಲ್ಲ. ವಾಂತಿ ಭೇದಿ ತರುವ ನೊರೊವೈರಸ್ ಕೈಯಿಂದ ಕೈಗೆ ಹರಡಿ ಇಡೀ ಹಡಗನ್ನೇ ಕಾಡಬಲ್ಲದು, ನೂರಾರು ಜನರನ್ನು ಭೇಟಿಯಾಗುವ ವ್ಯಕ್ತಿ ಎಚ್ಚರದಿಂದಿರಲೇಬೇಕು.

‘ನೀವು ಇಲ್ಲಿ ಕೂತಿದ್ದರೆ ಹಡಗು ನಡೆಸುತ್ತಿರುವವರು ಯಾರು?’ ಎಂಬುದು ಆ ಮೇಜಿನಲ್ಲಿ ತಪ್ಪದೆ ಬರುವ ಪ್ರಶ್ನೆ. ಉತ್ತರ ಸರಳ: ದೊಡ್ಡ ಹಡಗುಗಳಲ್ಲಿ ಕ್ಯಾಪ್ಟನ್ ಗಂಟೆಗಳ ಲೆಕ್ಕದಲ್ಲಿ ಕಾವಲಿಗೆ ನಿಲ್ಲುವುದಿಲ್ಲ. ಹಡಗನ್ನು ನಡೆಸುವ ಕೊಠಡಿಯಾದ ಬ್ರಿಡ್ಜ್‌ನಲ್ಲಿ ಅರ್ಹತೆ ಪಡೆದ ಅಧಿಕಾರಿಗಳು ಸರದಿಯಂತೆ ಸದಾ ಇರುತ್ತಾರೆ. ಹೊಣೆ ಮಾತ್ರ ಇಪ್ಪತ್ತನಾಲ್ಕು ಗಂಟೆಯೂ ಕ್ಯಾಪ್ಟನ್‌ದೇ. ದಟ್ಟ ಮಂಜು ಕವಿದಾಗ, ಹವಾಮಾನ ಕೆಟ್ಟಾಗ, ಬಂದರಿನ ದಾರಿ ತೋರಿಸುವ ಪೈಲಟ್ ಹಡಗು ಹತ್ತುವಾಗ, ರೋಗಿಯೊಬ್ಬರನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾದಾಗ ಊಟ ಅರ್ಧಕ್ಕೆ ನಿಲ್ಲುತ್ತದೆ, ಇಲ್ಲವೇ ಕ್ಯಾಪ್ಟನ್ ಬದಲಿಗೆ ಅವರ ನಂತರದ ಸ್ಥಾನದ ಸ್ಟಾಫ್ ಕ್ಯಾಪ್ಟನ್ ಬಂದು ಕೂರುತ್ತಾರೆ. ತಮಗೆ ಅವಮಾನವಾಯಿತೆಂದು ಬೇಸರಿಸಿಕೊಂಡವರನ್ನು ನಾನು ನೋಡಿದ್ದೇನೆ. ಅವರಿಗೆ ನಾನು ಹೇಳುತ್ತಿದ್ದುದು, ಇಂಥ ರಾತ್ರಿ ಊಟಕ್ಕೆ ಬರದ ಕ್ಯಾಪ್ಟನ್ ಇರುವ ಹಡಗಿನಲ್ಲೇ ನಾನೂ ನಿದ್ದೆ ಮಾಡಲು ಬಯಸುತ್ತೇನೆ ಎಂದು. 1912ರ ಏಪ್ರಿಲ್ 14ರ ಸಂಜೆ ಟೈಟಾನಿಕ್‌ನ ಕ್ಯಾಪ್ಟನ್ ಎಡ್ವರ್ಡ್ ಸ್ಮಿತ್ ಶ್ರೀಮಂತ ಪ್ರಯಾಣಿಕರಾದ ವೈಡನರ್ ದಂಪತಿ ಏರ್ಪಡಿಸಿದ್ದ ಭೋಜನಕೂಟದಲ್ಲಿದ್ದರು. ಒಂಬತ್ತು ಗಂಟೆಯ ಸುಮಾರಿಗೆ ಅಲ್ಲಿಂದ ಬ್ರಿಡ್ಜ್‌ಗೆ ಬಂದು ಚಳಿಯ ಬಗ್ಗೆ, ನೀರ್ಗಲ್ಲನ್ನು ದೂರದಿಂದ ಗುರುತಿಸುವ ಬಗ್ಗೆ ಅಧಿಕಾರಿಯೊಡನೆ ಮಾತನಾಡಿದರು. ಡಿಕ್ಕಿಯಾದದ್ದು 11.40ಕ್ಕೆ. ಊಟದಿಂದ ಅಪಘಾತವಾಯಿತೆಂದು ಇದರ ಅರ್ಥವಲ್ಲ. ಆದರೆ ಅತಿಥಿಸತ್ಕಾರ ಮತ್ತು ಬ್ರಿಡ್ಜ್ ಇವೆರಡರ ನಡುವೆ ಕ್ಯಾಪ್ಟನ್ ಗಮನ ಹಂಚಿಹೋಗುವ ಪ್ರಶ್ನೆ ಎಷ್ಟು ಹಳೆಯದೆಂದು ಇದರಿಂದ ತಿಳಿಯುತ್ತದೆ.

ಊಟದ ಸಲಿಗೆಯಲ್ಲಿ ‘ನಮಗೆ ಬ್ರಿಡ್ಜ್ ತೋರಿಸುತ್ತೀರಾ’ ಎಂದು ಕೇಳುವುದನ್ನೂ ದಯವಿಟ್ಟು ಬಿಡಿ. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ ‘ಕೋಸ್ಟಾ ಕಾಂಕೋರ್ಡಿಯಾ’ ಬಂಡೆಗೆ ಬಡಿದು 32 ಮಂದಿ ಸತ್ತರು. ಆ ಹೊತ್ತಿನಲ್ಲಿ ಕರ್ತವ್ಯದಲ್ಲಿಲ್ಲದವರೂ ಬ್ರಿಡ್ಜ್‌ನಲ್ಲಿದ್ದರೆಂಬುದು ವಿಚಾರಣೆಯಲ್ಲಿ ಚರ್ಚೆಯಾಯಿತು. ಅದೇ ವರ್ಷ ಕ್ರೂಸ್ ಕಂಪನಿಗಳ ಒಕ್ಕೂಟವು ಬ್ರಿಡ್ಜ್ ಪ್ರವೇಶವನ್ನು ಬಿಗಿಗೊಳಿಸಿತು. ಕೆಲವು ಕಂಪನಿಗಳು ಶುಲ್ಕ ಪಡೆದು ಏರ್ಪಡಿಸುವ ಹಡಗು ದರ್ಶನದಲ್ಲಿ ಬ್ರಿಡ್ಜ್ ಕೂಡ ಸೇರಿರುತ್ತದೆ. ಆ ದಾರಿ ಇರುವಾಗ ಕ್ಯಾಪ್ಟನ್ ಬಾಯಲ್ಲಿ ‘ಇಲ್ಲ’ ಅನ್ನಿಸುವುದು ಸರಿಯಲ್ಲ.

ಈಗ ನನ್ನ ಮನಸ್ಸಿಗೆ ಹತ್ತಿರವಾದ ಮಾತಿಗೆ ಬರುತ್ತೇನೆ. ನನ್ನ ಸ್ನೇಹಿತರಿಗೆಲ್ಲ ನಾನು ಶಿಫಾರಸು ಮಾಡುವುದು ಚೀಫ್ ಇಂಜಿನಿಯರ್ ಮೇಜನ್ನು. ಬ್ರಿಟಿಷ್ ಸಂಪ್ರದಾಯದ ಹಡಗುಗಳಲ್ಲಿ ತೋಳಿನ ಅಥವಾ ಭುಜದ ಚಿನ್ನದ ಪಟ್ಟಿಗಳ ನಡುವೆ ನೇರಳೆ ಬಣ್ಣವಿದ್ದರೆ ಅವರು ಇಂಜಿನಿಯರಿಂಗ್ ವಿಭಾಗದವರು, ಕೆಂಪಿದ್ದರೆ ವೈದ್ಯರು, ಬಿಳಿಯಿದ್ದರೆ ಹಣಕಾಸು ಮತ್ತು ಪ್ರಯಾಣಿಕರ ಸೇವೆ ನೋಡಿಕೊಳ್ಳುವ ಪರ್ಸರ್ ವಿಭಾಗದವರು. ಕ್ಯಾಪ್ಟನ್‌ಗೆ ಎಲ್ಲರೂ ಕೇಳುವುದು ಬಿರುಗಾಳಿಯ ಕಥೆಯನ್ನು, ಆದ್ದರಿಂದ ಅವರ ಉತ್ತರಗಳು ಹೇಳಿ ಹೇಳಿ ಹದಗೊಂಡಿರುತ್ತವೆ. ಚೀಫ್ ಇಂಜಿನಿಯರ್ ಅವರನ್ನು ಯಾರಾದರೂ ನಿಜವಾದ ಆಸಕ್ತಿಯಿಂದ ಕೇಳಿದರೆ ಅವರ ಮುಖವೇ ಅರಳುತ್ತದೆ. ಸಾವಿರಾರು ಜನರ ಸ್ನಾನಕ್ಕೂ ಅಡುಗೆಗೂ ಸಮುದ್ರದ ನೀರನ್ನು ಸಿಹಿನೀರಾಗಿಸುವುದು ಹೇಗೆ, ಡೀಸೆಲ್ ಎಂಜಿನುಗಳು ಹಡಗನ್ನು ಮುಂದೆ ತಳ್ಳುವ ಪ್ರೊಪೆಲ್ಲರನ್ನು ನೇರವಾಗಿ ತಿರುಗಿಸದೆ ವಿದ್ಯುತ್ ಉತ್ಪಾದಿಸಿ ಆ ವಿದ್ಯುತ್ತಿನಿಂದ ಮೋಟರು ನಡೆಸುವುದರ ಲಾಭವೇನು, ಹಡಗು ಹೊಯ್ದಾಡದಂತೆ ಪಕ್ಕದಿಂದ ಚಾಚಿಕೊಳ್ಳುವ ರೆಕ್ಕೆಗಳು ಹೇಗೆ ಕೆಲಸ ಮಾಡುತ್ತವೆ ಎಂದು ಕೇಳಿ ನೋಡಿ. ಒಮ್ಮೆ ಮುಖ್ಯ ತಟ್ಟೆ ಬರುವ ಮುನ್ನ ಒಬ್ಬ ಇಂಜಿನಿಯರ್ ಎರಡು ಚಮಚ, ಒಂದು ಉಪ್ಪಿನ ಡಬ್ಬಿ ಮತ್ತು ಮಡಚಿದ ನ್ಯಾಪ್‌ಕಿನ್ ಇಟ್ಟು, ಹಡಗಿನ ತಳದಲ್ಲಿ ತೂಗುಬಿದ್ದು ಸುತ್ತಲೂ ತಿರುಗಬಲ್ಲ ಪಾಡ್‌ಗಳು, ಅಂದರೆ ಮೋಟರು ಮತ್ತು ಪ್ರೊಪೆಲ್ಲರ್ ಒಟ್ಟಿಗಿರುವ ಘಟಕಗಳು, ಚುಕ್ಕಾಣಿಯ ಕೆಲಸವನ್ನೂ ಮಾಡುವ ಬಗೆಯನ್ನು ವಿವರಿಸಿದರು. ‘ಕ್ವೀನ್ ಮೇರಿ 2’ಕ್ಕೆ ಪಾಡ್‌ಗಳು ನಾಲ್ಕಿವೆ, ಅವುಗಳಲ್ಲಿ ಎರಡು ತಿರುಗುತ್ತವೆ, ಎರಡು ಸ್ಥಿರ. ಮೇಜಿನ ಸುತ್ತ ಇದ್ದವರಲ್ಲಿ ಯಂತ್ರಗಳ ಗಂಧವೇ ಇಲ್ಲದ ಅಜ್ಜಿಯೊಬ್ಬರು, ಹಾಗಾದರೆ ಹಡಗು ಅಡ್ಡಡ್ಡಲಾಗಿ ದಡಕ್ಕೆ ಸರಿಯುವುದು ಇದರಿಂದಲೇ ಅಲ್ಲವೆ ಎಂದು ಕೇಳಿದಾಗ ಆ ಇಂಜಿನಿಯರ್ ಅವರಿಗಾದ ಸಂತೋಷ ನನಗೆ ಇಂದಿಗೂ ಮರೆತಿಲ್ಲ. ಹಡಗನ್ನು ಪಕ್ಕಕ್ಕೆ ತಳ್ಳುವ ಮುಂಭಾಗದ ಥ್ರಸ್ಟರ್‌ಗಳ ವಿಷಯಕ್ಕೆ ಹೊರಳಿದ ಮಾತು ಸಿಹಿತಿಂಡಿ ಬಂದರೂ ಮುಗಿದಿರಲಿಲ್ಲ.

ಹೋಟೆಲ್ ಡೈರೆಕ್ಟರ್ ಮೇಜೂ ಚೆನ್ನ. ಒಂದೇ ದಿನದಲ್ಲಿ ಹಳೆಯ ಪ್ರಯಾಣಿಕರನ್ನು ಇಳಿಸಿ, ಕ್ಯಾಬಿನ್‌ಗಳನ್ನೆಲ್ಲ ಸಜ್ಜುಗೊಳಿಸಿ, ವಾರದ ದಿನಸಿಯನ್ನು ಹತ್ತಿಸಿ, ಹೊಸಬರನ್ನು ಬರಮಾಡಿಕೊಳ್ಳುವ ವ್ಯವಸ್ಥೆಯನ್ನು ಅವರಿಗಿಂತ ಚೆನ್ನಾಗಿ ವಿವರಿಸಬಲ್ಲವರಿಲ್ಲ. ವೈದ್ಯರ ಮೇಜಿಗೆ ಹೋದರೆ ನಿಮ್ಮ ಮಂಡಿನೋವಿನ ಮಾತು ತೆಗೆಯಬೇಡಿ.

ಸಿದ್ಧತೆಯ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಆ ರಾತ್ರಿಗೆ ಹಡಗು ಸೂಚಿಸಿದ ಉಡುಪನ್ನು ಪಾಲಿಸಿ. ಸಸ್ಯಾಹಾರ, ಅಲರ್ಜಿ, ಪಥ್ಯ ಏನಿದ್ದರೂ ಒಪ್ಪಿಗೆ ತಿಳಿಸುವಾಗಲೇ ಹೇಳಿ, ಗ್ಯಾಲಿಯವರು, ಅಂದರೆ ಹಡಗಿನ ಅಡುಗೆಮನೆಯವರು, ಬೇರೆ ತಟ್ಟೆ ಸಿದ್ಧಪಡಿಸುತ್ತಾರೆ; ಕುಳಿತ ಮೇಲೆ ಹೇಳಿದರೆ ಇಡೀ ಮೇಜು ಕಾಯಬೇಕಾಗುತ್ತದೆ. ಹೋಗಲು ಮನಸ್ಸಿಲ್ಲದಿದ್ದರೆ ಧನ್ಯವಾದ ಹೇಳಿ ನಿರಾಕರಿಸಬಹುದು, ಅದರಿಂದ ಯಾರಿಗೂ ಬೇಸರವಿಲ್ಲ. ಒಪ್ಪಿಕೊಂಡು ಬಾರದಿರುವುದೇ ತಪ್ಪು. ‘ಶೆಫ್ಸ್ ಟೇಬಲ್’ ಎಂಬುದನ್ನು ಇದರೊಂದಿಗೆ ಬೆರೆಸಬೇಡಿ. ಅದು ಹಣ ಕೊಟ್ಟು ಮೊದಲೇ ಕಾಯ್ದಿರಿಸುವ, ಕೆಲವೇ ಮಂದಿಗೆ ಗ್ಯಾಲಿ ತೋರಿಸಿ ಬಡಿಸುವ ವಿಶೇಷ ಊಟ, ಅಲ್ಲಿ ಅಧಿಕಾರಿಗಳು ಕೂರುವ ಭರವಸೆ ಇಲ್ಲ. ಅಡುಗೆಯಲ್ಲಿ ಆಸಕ್ತಿಯುಳ್ಳವರಿಗೆ ನಾನು ಅದನ್ನೇ ಹೇಳುತ್ತೇನೆ.

ಊಟ ಮುಗಿದಾಗ ಕ್ಯಾಪ್ಟನ್ ಮೊದಲು ಏಳುತ್ತಾರೆ. ಅವರನ್ನು ತಡೆದು ನಿಲ್ಲಿಸಬೇಡಿ, ನೀವು ಬೇಕಾದರೆ ಕುಳಿತು ಮಾತು ಮುಂದುವರಿಸಿ. ಮರುದಿನ ಆತಿಥೇಯರಿಗೆ ನಾಲ್ಕು ಸಾಲಿನ ಧನ್ಯವಾದ ಪತ್ರ ಬರೆದು ಗೆಸ್ಟ್ ಸರ್ವಿಸಸ್ ಕೌಂಟರಿನಲ್ಲಿ ಕೊಟ್ಟರೆ ಅದು ತಲುಪುತ್ತದೆ. ಬರೆಯುವಾಗ ಆ ರಾತ್ರಿ ಬಡಿಸಿದವರ ಹೆಸರನ್ನು, ಎದೆಯ ಮೇಲಿನ ಪಟ್ಟಿಯಲ್ಲಿ ನೋಡಿ ಗುರುತಿಟ್ಟುಕೊಂಡು, ತಪ್ಪಿಲ್ಲದೆ ಸೇರಿಸಿ. ಕ್ಯಾಪ್ಟನ್‌ಗೆ ಬಂದ ಪತ್ರದಲ್ಲಿ ಹೆಸರು ಕಾಣಿಸಿಕೊಂಡ ವೇಟರ್‌ಗೆ ಅವರ ವಿಭಾಗದಲ್ಲಿ ಅದರಿಂದ ನಿಜವಾದ ಪ್ರಯೋಜನವಿದೆ.