ಮೆನೋ ಓದು: ಆರನೇ ವಾರ

ಪ್ಲೇಟೋ ಬರೆದ ‘ಮೆನೋ’ ಸಂವಾದದಲ್ಲಿ ಈ ವಾರ 82ಬಿಯಿಂದ 85ಬಿವರೆಗೆ ಗ್ರೀಕಿನಲ್ಲೇ ಓದಿ ಮುಗಿಸಿದೆ. ಮೂರೇ ಪುಟಕ್ಕೆ ಆರು ಸಂಜೆ ಹಿಡಿಯಿತು. (ಇವು 1578ರ ಸ್ಟೆಫಾನಸ್ ಆವೃತ್ತಿಯ ಪುಟಗಳು. ಯಾರ ಕೈಯಲ್ಲಿ ಯಾವ ಪುಸ್ತಕವಿದ್ದರೂ ಪ್ಲೇಟೋ ಕ್ಲಾಸಿನಲ್ಲಿ ಈ ಲೆಕ್ಕವೇ ನಡೆಯುವುದು.)

ಸಾಕ್ರಟಿಸ್ ಜೊತೆ ಮಾತಾಡುತ್ತಿರುವ ಮೆನೋನ ಮನೆಯಲ್ಲೇ ಹುಟ್ಟಿ ಬೆಳೆದ ಗುಲಾಮ ಹುಡುಗನಿಗೆ ಸಾಕ್ರಟಿಸ್ ಒಂದು ಚೌಕ ತೋರಿಸುತ್ತಾನೆ. ಬದಿ ಎರಡಡಿ, ವಿಸ್ತೀರ್ಣ ನಾಲ್ಕು. ಎಂಟು ಆಗಬೇಕಾದರೆ ಬದಿ ಎಷ್ಟಿರಬೇಕು? ಹುಡುಗ ನಾಲ್ಕು ಅಂತಾನೆ, ಅದು ಹದಿನಾರಾಗುತ್ತದೆ. ಮೂರು ಅಂತಾನೆ, ಒಂಬತ್ತಾಗುತ್ತದೆ. ನಾನೂ ಚೌಕಳಿ ಹಾಳೆಯಲ್ಲಿ ಗೆರೆ ಎಳೆಯುತ್ತಾ ಜೊತೆಗೇ ಹೋದೆ. ಉತ್ತರ ಕರ್ಣದಲ್ಲಿದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಕ್ಕೂ ಮುಂಚೆ ಹುಡುಗ ಹೇಳುವ ಒಂದು ಸಾಲು, 84ಎ.

‘ಎಗೋಗೆ ಊಕ್ ಓಯ್ದ.’

‘ಎಗೋ’ ಅಂದರೆ ನಾನು, ‘ಊಕ್’ ಅಂದರೆ ಇಲ್ಲ. ‘ಓಯ್ದ’ ಅಂದರೆ ಬಲ್ಲೆ. ಇದು ಸಂಸ್ಕೃತದ ‘ವೇದ’ಕ್ಕೆ ಒಡಹುಟ್ಟು, ಶುರುವಿನ ವಕಾರ ಗ್ರೀಕಿನಲ್ಲಿ ಬಿದ್ದುಹೋಗಿದೆ. ಉಳಿದದ್ದು ಬಾಲದ ಆ ‘ಗೆ’. ಇಂಗ್ಲಿಷ್ ನಿಘಂಟು ಕೊಡುವ ಅರ್ಥ ಇಲ್ಲಿ ಕೂರಲೇ ಇಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಸುಮ್ನೆ ಕನ್ನಡದಲ್ಲಿ ಬರೆದು ನೋಡಿದೆ: ‘ನನಗಂತೂ ಗೊತ್ತಿಲ್ಲ.’ ಆ ‘ಅಂತೂ’ ಬಂದಾಗ ಹುಡುಗನ ದನಿಯೇ ಕೇಳಿಸಿದ ಹಾಗಾಯಿತು. ಅವತ್ತಿನಿಂದ ಪ್ರತಿ ಸಾಲಿಗೂ ಅಂಚಿನಲ್ಲಿ ಕನ್ನಡ ಬರೆಯುತ್ತಿದ್ದೇನೆ.

ಇದರಿಂದ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಸಾಕ್ರಟಿಸ್ ಕೆಲವು ಪ್ರಶ್ನೆಗಳನ್ನು ‘ಊ’ (ಅದೇ ‘ಊಕ್’) ಸೇರಿಸಿ ಕೇಳುತ್ತಾನೆ. ಅದು ನಮ್ಮ ‘ಅಲ್ವಾ?’ ಇದ್ದ ಹಾಗೆ, ಹೌದು ಅನ್ನಿಸಿಕೊಳ್ಳುವ ಪ್ರಶ್ನೆ. ನಾನು ಏನನ್ನೂ ಕಲಿಸುತ್ತಿಲ್ಲ, ಅವನು ತನ್ನೊಳಗಿದ್ದದ್ದನ್ನೇ ನೆನಪಿಸಿಕೊಳ್ಳುತ್ತಿದ್ದಾನೆ ಅನ್ನುವುದು ಸಾಕ್ರಟಿಸ್ ವಾದ. ಇಷ್ಟು ‘ಅಲ್ವಾ’ಗಳ ನಡುವೆ ಅದು ನಿಲ್ಲುತ್ತದಾ? ಸೆಮಿನಾರ್ ಪೇಪರಿಗೆ ಇದನ್ನೇ ಆರಿಸಿಕೊಂಡಿದ್ದೇನೆ. ನನ್ನ ಮಟ್ಟಿಗೆ, ಆ ಎರಡು ತಪ್ಪು ಉತ್ತರಗಳು ಹುಡುಗನ ಸ್ವಂತದ್ದು. ‘ಗೊತ್ತಿಲ್ಲ’ ಅನ್ನುವುದಂತೂ ಪೂರ್ತಿ ಅವನದೇ. ಪೇಪರನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.

ಒಂದು ತೊಡಕು ಮಾತ್ರ ಬಿಡಿಸಿಲ್ಲ. ‘ಎಯ್ಪೆ ದೇ ಮೊಯ್, ಓ ಪಾಯ್’ ಅನ್ನುವುದನ್ನು ‘ಸರಿ, ಹೇಳಪ್ಪಾ’ ಅಂತ ಮಾಡಿದೆ, ಚೆನ್ನಾಗಿ ಕೂತಿತು. ಆದರೆ ಹುಡುಗ ತಿರುಗಿ ‘ಓ ಸೋಕ್ರತೆಸ್’ ಅಂತ ಹೆಸರು ಹಿಡಿದೇ ಕರೆಯುತ್ತಾನೆ. ಗ್ರೀಕಿನಲ್ಲಿ ಒಬ್ಬರಿಗೇ ‘ನೀವು’ ಅನ್ನುವ ಗೌರವದ ರೂಪವಿಲ್ಲ. ಕನ್ನಡದಲ್ಲಿ ಮನೆಯಾಳು ಹುಡುಗ ಹಿರಿಯರನ್ನು ಹಾಗೆ ಕರೆಯುತ್ತಾನಾ? ‘ಸ್ವಾಮಿ’ ಅಂತ ಬರೆದೆ, ಅಳಿಸಿದೆ. ಈಗ ಅಲ್ಲಿ ಖಾಲಿ ಜಾಗವಿದೆ.