ಕೇಳಿಸದ ಅಳು

ಸಿನಿಮಾದಲ್ಲಿ ಯಾರಾದರೂ ಜೋರಾಗಿ ಅತ್ತರೆ ನನಗೆ ಅಷ್ಟಾಗಿ ಏನೂ ಅನ್ನಿಸುವುದಿಲ್ಲ. ಅಳು ತಡೆದುಕೊಂಡವರನ್ನು ನೋಡಿದರೆ ಗಂಟಲು ಕಟ್ಟುತ್ತದೆ.

ಸತ್ಯಜಿತ್ ರೇ ಅವರ ‘ಪಥೇರ್ ಪಾಂಚಾಲಿ’ (1955) ಇವತ್ತು ಮತ್ತೆ ನೋಡಿದೆ. ಅಪ್ಪ ಹರಿಹರ ಬಹಳ ದಿನಗಳ ಮೇಲೆ ಮನೆಗೆ ಬರುತ್ತಾನೆ. ಮಗಳು ದುರ್ಗಾ ತೀರಿಕೊಂಡಿರುವುದು ಅವನಿಗೆ ಗೊತ್ತಿಲ್ಲ. ತಂದ ಸಾಮಾನನ್ನೆಲ್ಲ ತೋರಿಸುತ್ತಾ, ಮಗಳಿಗೆ ಅಂತ ತಂದ ಸೀರೆಯನ್ನೂ ಹೆಂಡತಿಯ ಕೈಗೆ ಕೊಡುತ್ತಾನೆ. ಅಷ್ಟು ಹೊತ್ತು ಕಲ್ಲಿನಂತಿದ್ದ ಸರ್ವಜಯಾ ಅಲ್ಲಿ ಒಡೆದುಹೋಗುತ್ತಾಳೆ. ಆದರೆ ಅವಳ ದನಿ ನಮಗೆ ಕೇಳಿಸುವುದೇ ಇಲ್ಲ. ಅದರ ಬದಲು ತಾರ್ ಶಹನಾಯಿ (ಕಮಾನಿನಿಂದ ನುಡಿಸುವ ತಂತಿವಾದ್ಯ) ಚೀರುತ್ತದೆ. ಅಷ್ಟು ನೋವು ಒಬ್ಬ ತಾಯಿಯ ಗಂಟಲಲ್ಲಿ ಹಿಡಿಸುವುದಿಲ್ಲ ಅಂತ ರೇ ಅವರಿಗೆ ಅನ್ನಿಸಿತೇನೋ. ಕಥೆ ಪೂರ್ತಿ ಗೊತ್ತಿದ್ದರೂ ಸೀರೆ ಕಂಡ ತಕ್ಷಣ ಕಣ್ಣು ತುಂಬಿತು.

ಹಾಗೆ ನೋಡಿದರೆ, ಗೊತ್ತಿದ್ದಾಗಲೇ ಸಂಕಟ ಜಾಸ್ತಿ, ಅಲ್ವಾ? ಅವನಿಗೆ ಗೊತ್ತಿಲ್ಲ, ನಮಗೆ ಗೊತ್ತು. ಸೀರೆ ತೆಗೀಬೇಡ ಮಾರಾಯ ಅಂತ ಕೂಗಿ ಹೇಳಬೇಕು ಅನ್ನಿಸುತ್ತದೆ.

ಇಟಲಿಯ ಸಿನಿಮಾ ‘ಬೈಸಿಕಲ್ ಥೀವ್ಸ್’ನ ಕೊನೆಯಲ್ಲಿ ಮಗ ಅಪ್ಪನ ಕೈ ಹಿಡಿಯುವ ದೃಶ್ಯವೂ ನನಗೆ ಇಷ್ಟೇ ಹತ್ತಿರದ್ದು. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ನಿಮ್ಮನ್ನು ಹೀಗೆ ಕಾಡುವ ದೃಶ್ಯ ಯಾವುದು?