ಇಲ್ಲಿ ಅಡ್ಜಸ್ಟ್ ಇಲ್ಲ: ಯುರೋಪಿನ ಅಗ್ಗದ ವಿಮಾನ ಹತ್ತುವ ಮುಂಚೆ

ಗೇಟಿನ ಪಕ್ಕ ಒಂದು ಕಬ್ಬಿಣದ ಚೌಕಟ್ಟು ಇಟ್ಟಿದ್ದರು. ಬ್ಯಾಗ್ ಅದರೊಳಗೆ ಇಳಿಯಬೇಕು, ಅಷ್ಟೇ. ನಮ್ಮ ಅತ್ತೆಯ ಬ್ಯಾಗ್ ಮುಕ್ಕಾಲು ಭಾಗ ಇಳಿಯಿತು, ಆಮೇಲೆ ನಿಂತುಬಿಟ್ಟಿತು. ಚಕ್ರಗಳು ಎರಡು ಬೆರಳಷ್ಟು ಹೊರಗೆ. ನಾನು ಮಂಡಿಯೂರಿ ಒತ್ತಿದೆ. ಇವರು ಓರೆ ಮಾಡಿ ತುರುಕಿ ನೋಡಿದರು. ಅತ್ತೆ ಜಿಪ್ ಬಿಚ್ಚಿ ಶಾಲು ತೆಗೆದು ಹೊದ್ದುಕೊಂಡರು, ಸ್ವೆಟರ್ ಮೇಲೆ ಇನ್ನೊಂದು ಸ್ವೆಟರ್ ಹಾಕಿಕೊಂಡರು, ಚಟ್ನಿಪುಡಿ ಡಬ್ಬ ನನ್ನ ಕೈಗೆ ಕೊಟ್ಟರು. ಬಟ್ಟೆ ತೆಗೆದರೆ ಬ್ಯಾಗಿನ ಹೊಟ್ಟೆ ಇಳಿಯುತ್ತದೆ, ಚಕ್ರ ಇಳಿಯುತ್ತದಾ?

"ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳೋಕೆ ಹೇಳೇ ಆ ಹುಡುಗಿಗೆ" ಅಂದರು ಅತ್ತೆ. ಹೇಳಿದೆ. ಆ ಹುಡುಗಿ ನಗುನಗುತ್ತಲೇ ಕಾರ್ಡ್ ಮೆಷಿನ್ ಮುಂದೆ ಹಿಡಿದಳು. 60 ಯೂರೋ. ಅತ್ತೆಯ ಟಿಕೆಟ್ ಬೆಲೆ 27 ಯೂರೋ.

ನಮ್ಮ ಕೆಎಸ್‌ಆರ್‌ಟಿಸಿ ಕಂಡಕ್ಟರ್ ಕೂಡ ಲಗೇಜಿಗೆ ಟಿಕೆಟ್ ಹರಿಯುತ್ತಾರೆ. ಆದರೆ ಹರಿಯುವ ಮುಂಚೆ ಎರಡು ಮಾತಿಗೆ ಜಾಗ ಇರುತ್ತದೆ. ಇಲ್ಲಿ ಇಲ್ಲ. ಈ ವಿಮಾನಗಳಲ್ಲಿ ಟಿಕೆಟ್ ಅಂದರೆ ಬರೀ ಕೂರುವ ಜಾಗ. ಉಳಿದದ್ದಕ್ಕೆಲ್ಲ ಒಂದೊಂದು ರೂಲು, ಒಂದೊಂದು ರೇಟು. ಮುಂಚೆ ಓದಿಕೊಂಡು ಹೋದವರಿಗೆ ನಿಜಕ್ಕೂ ಅಗ್ಗ. ಓದದವರಿಗೆ ಅದು ಬೇರೆ ಲೆಕ್ಕ.

ನಾವು ಹೋಗಿದ್ದು ಬರ್ಲಿನ್‌ನಲ್ಲಿರುವ ನನ್ನ ತಮ್ಮನ ಮನೆಗೆ. ಅಲ್ಲಿಂದ ರೋಮ್, ರೋಮ್‌ನಿಂದ ಬಾರ್ಸಿಲೋನಾ, ವಾಪಸ್ ಬರ್ಲಿನ್. ಮೂರು ಜನ, ಮೂರು ವಿಮಾನ. ಮೇಲಿನದು ಮೊದಲನೆಯ ವಿಮಾನದ ಕಥೆ.

ಟಿಕೆಟ್ ತೆಗೆಯುವಾಗಿನಿಂದಲೇ ಶುರು ಮಾಡೋಣ. ಏರ್‌ಲೈನಿನ ಸ್ವಂತ ಸೈಟ್ ಅಥವಾ ಆ್ಯಪ್‌ನಲ್ಲೇ ತೆಗೆದುಕೊಳ್ಳಿ. ಬೇರೆ ಸೈಟಿನಲ್ಲಿ ನಾಲ್ಕು ಯೂರೋ ಕಮ್ಮಿ ಕಾಣಬಹುದು. ಆದರೆ ಸಮಯ ಬದಲಾದರೆ ಮೆಸೇಜ್ ಬರುವುದು ಅವರಿಗೆ, ನಿಮಗಲ್ಲ. ಹೊರಡುವ ಮುಂಚೆ ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ಇಂಟರ್‌ನ್ಯಾಷನಲ್ ಬಳಕೆ ಆನ್ ಆಗಿದೆಯಾ ನೋಡಿ. ಹಣ ಕಟ್ಟುವ ಪುಟದಲ್ಲಿ "ರೂಪಾಯಿಯಲ್ಲೇ ಕಟ್ಟಿ" ಅಂತ ಅಕ್ಕರೆಯಿಂದ ಕೇಳಿದರೆ ಬೇಡ ಅನ್ನಿ, ಯೂರೋದಲ್ಲೇ ಕಟ್ಟಿ. ಆ ಅಕ್ಕರೆಗೂ ರೇಟ್ ಇದೆ.

ಹೆಸರಿನ ವಿಷಯ ನಮ್ಮ ಕಡೆಯವರಿಗೆ ದೊಡ್ಡ ತಲೆನೋವು. ನಮ್ಮಲ್ಲಿ ಎಷ್ಟೋ ಜನರಿಗೆ ಸರ್‌ನೇಮೇ ಇಲ್ಲ. ಒಂದು ಇನಿಷಿಯಲ್, ಒಂದು ಹೆಸರು, ಮುಗಿಯಿತು. ಅತ್ತೆಯ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಸೈಟ್ ಮಾತ್ರ ಎರಡೂ ತುಂಬದೆ ಮುಂದೆ ಬಿಡುವುದಿಲ್ಲ. ಇಂಥ ಹೆಸರನ್ನು ಒಂದೊಂದು ಏರ್‌ಲೈನ್ ಒಂದೊಂದು ರೀತಿ ಬರೆಯಲು ಹೇಳುತ್ತದೆ. ನನ್ನ ತಮ್ಮ ಏರ್‌ಲೈನಿನ ಚಾಟ್‌ನಲ್ಲಿ ಕೇಳಿದ. ಎರಡೂ ಕಡೆ ಅದೇ ಹೆಸರು ಹಾಕಿ ಅಂದರು. ಆ ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಹೋದೆವು. ನೀವೂ ಟಿಕೆಟ್ ತೆಗೆಯುವ ಮುಂಚೆಯೇ ಕೇಳಿ. ಒಂದೆರಡು ಅಕ್ಷರದ ತಪ್ಪು ಸರಿಪಡಿಸಬಹುದು, ಆದರೆ ಪೂರ್ತಿ ಹೆಸರು ಬದಲಿಸಬೇಕಾದರೆ ಕೆಲವು ಕಡೆ 100 ಯೂರೋ ದಾಟುತ್ತದೆ. ಅದಕ್ಕಿಂತ ಹೊಸ ಟಿಕೆಟ್ಟೇ ಅಗ್ಗ!

ಈಗ ಬ್ಯಾಗ್. ಉಚಿತವಾಗಿ ಬಿಡುವುದು ಸೀಟಿನ ಕೆಳಗೆ ಹೋಗುವ ಒಂದೇ ಒಂದು ಸಣ್ಣ ಬ್ಯಾಗ್. ರಯಾನ್‌ಏರ್ ಅನ್ನುವ ಅಗ್ಗದ ಏರ್‌ಲೈನಿನಲ್ಲಿ ಮುಂಚೆ 40×20×25 ಸೆಂ.ಮೀ. ಇತ್ತು, 2025ರಲ್ಲಿ 40×30×20 ಮಾಡಿದರು. ವಿಜ್ ಏರ್ ಕೂಡ 40×30×20. ಈಸಿಜೆಟ್ ಸ್ವಲ್ಪ ಉದಾರಿ, 45×36×20. ಈ ಅಳತೆಯಲ್ಲಿ ಚಕ್ರ, ಹಿಡಿಕೆ ಎಲ್ಲ ಸೇರಿಯೇ ಲೆಕ್ಕ. ಅಂಗಡಿಯವನು "ಕ್ಯಾಬಿನ್ ಸೈಜ್ ಮೇಡಂ" ಅಂತ ಕೊಡುವ ಟ್ರಾಲಿ ನಮ್ಮ ದೇಶದ ವಿಮಾನದ ಸೈಜು. ಅದನ್ನು ಇಲ್ಲಿ ಮೇಲಿನ ಗೂಡಿಗೆ ಏರಿಸಬೇಕಾದರೆ ಬೇರೆ ದುಡ್ಡು. ರಯಾನ್‌ಏರ್‌ನಲ್ಲಿ ಅದಕ್ಕೆ ಪ್ರಯಾರಿಟಿ ಅಂತ ತೆಗೆದುಕೊಳ್ಳಬೇಕು. ಆಗ 55×40×20ರ 10 ಕೆಜಿ ಬ್ಯಾಗ್ ಒಂದನ್ನು ಜೊತೆಗೆ ಬಿಡುತ್ತಾರೆ. ಅಳತೆ ಮೀರಿದ ಬ್ಯಾಗ್ ಹಿಡಿದ ಸಿಬ್ಬಂದಿಗೆ ಆ ಕಂಪನಿ ಬ್ಯಾಗಿಗಿಷ್ಟು ಅಂತ ಬೋನಸ್ ಕೊಡುತ್ತದೆ. 2025ರಲ್ಲಿ ಅದನ್ನು 1.50 ಯೂರೋದಿಂದ 2.50ಕ್ಕೆ ಏರಿಸಿದರು. ಇದೇನೂ ಗುಟ್ಟಲ್ಲ, ಅದರ ಮುಖ್ಯಸ್ಥರೇ ಪತ್ರಿಕೆಗಳ ಮುಂದೆ ಹೇಳಿದ್ದು.

ನನ್ನ ಸಲಹೆ ಒಂದೇ. ಚಕ್ರ ಇಲ್ಲದ, ಮೆತ್ತನೆಯ, ಸ್ಕೂಲ್ ಬ್ಯಾಗಿನಂಥದ್ದು ತನ್ನಿ. ಬೇರೆ ಬೇರೆ ಏರ್‌ಲೈನ್ ಇದ್ದರೆ ಅತಿ ಚಿಕ್ಕ ಅಳತೆ ಯಾವುದೋ ಅದಕ್ಕೇ ತುಂಬಿ. ಬಟ್ಟೆಬರೆಗೆ ಮನೆಯವರೆಲ್ಲ ಸೇರಿ ಒಂದು 20 ಕೆಜಿ ಬ್ಯಾಗ್ ಕಟ್ಟಿ, ಅದಕ್ಕೆ ಟಿಕೆಟ್ ಜೊತೆಗೇ ದುಡ್ಡು ಕೊಟ್ಟುಬಿಡಿ. ಆಮೇಲೆ ಸೇರಿಸಿದರೆ ಜಾಸ್ತಿ, ಏರ್‌ಪೋರ್ಟಿನಲ್ಲಿ ಇನ್ನೂ ಜಾಸ್ತಿ, ಗೇಟಿನಲ್ಲಿ ಕೇಳಲೇಬೇಡಿ. ಉಳಿದೆರಡು ವಿಮಾನಕ್ಕೆ ನಾವು ಹಾಗೇ ಮಾಡಿದೆವು. ಗೇಟಿನಲ್ಲಿ ಅವರೇ ನಿಮ್ಮ ಬ್ಯಾಗನ್ನು ಕೆಳಗೆ ಹಾಕಲು ತೆಗೆದುಕೊಂಡರೆ ಪವರ್ ಬ್ಯಾಂಕ್, ಮಾತ್ರೆ, ಪಾಸ್‌ಪೋರ್ಟ್ ಹೊರಗೆ ತೆಗೆದಿಟ್ಟುಕೊಳ್ಳುವುದು ಮರೆಯಬೇಡಿ. ಆ ಗಡಿಬಿಡಿಯಲ್ಲಿ ನೆನಪಾಗುವುದಿಲ್ಲ.

ಚಟ್ನಿಪುಡಿ ಏನಾಯಿತು ಅಂತೀರಾ? ಪಾರಾಯಿತು. ಸೆಕ್ಯುರಿಟಿಯಲ್ಲಿ ಮುಚ್ಚಳ ತೆಗೆಸಿ ನೋಡಿ ವಾಪಸ್ ಕೊಟ್ಟಿದ್ದರು. ಉಪ್ಪಿನಕಾಯಿ ಮಾತ್ರ ಅವರ ಪ್ರಕಾರ ದ್ರವ. 100 ಎಂ.ಎಲ್. ದಾಟಿದರೆ ಕೈಚೀಲದಲ್ಲಿ ಬೇಡ. ಇನ್ನೊಂದು, ಭಾರತದಿಂದ ತುಪ್ಪ, ಪೇಡ ಕಟ್ಟಿಕೊಂಡು ಹೋಗಬೇಡಿ. ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಯೂನಿಯನ್ ಒಪ್ಪುವುದಿಲ್ಲ.

ಚೆಕ್-ಇನ್ ಮನೆಯಲ್ಲೇ ಆಗಬೇಕು. ರಯಾನ್‌ಏರ್‌ನಲ್ಲಿ ಸೀಟಿಗೆ ದುಡ್ಡು ಕೊಡದವರಿಗೆ ಹೊರಡುವ 24 ಗಂಟೆ ಮುಂಚೆ ತೆರೆಯುತ್ತದೆ, 2 ಗಂಟೆ ಮುಂಚೆ ಮುಚ್ಚುತ್ತದೆ. ವಿಜ್ ಏರ್‌ನಲ್ಲಿ 3 ಗಂಟೆ ಮುಂಚೆಯೇ ಮುಚ್ಚುತ್ತದೆ. ಮರೆತು ಕೌಂಟರಿಗೆ ಹೋದರೆ ರಯಾನ್‌ಏರ್‌ನ ದರಪಟ್ಟಿಯಲ್ಲಿ ತಲೆಗೆ 55 ಯೂರೋ. ಫೋನಿನಲ್ಲಿ ಅಲಾರಂ ಇಡಿ. 2025ರ ನವೆಂಬರ್‌ನಿಂದ ಆ ಏರ್‌ಲೈನ್ ಕಾಗದದ ಬೋರ್ಡಿಂಗ್ ಪಾಸನ್ನೇ ಬಿಟ್ಟಿದೆ, ಎಲ್ಲ ಆ್ಯಪ್‌ನಲ್ಲಿ. ಹಾಗಾಗಿ ಫೋನಿನಲ್ಲಿ ಚಾರ್ಜ್ ಇರಲಿ. ಇವರಂತೂ ಮ್ಯೂಸಿಯಂನಲ್ಲಿ ಒಂದೊಂದು ಕಂಬಕ್ಕೂ ಫೋಟೋ ತೆಗೆದು ಸಂಜೆ ಹೊತ್ತಿಗೆ ಶೇಕಡಾ 4ಕ್ಕೆ ತಂದಿಡುತ್ತಿದ್ದರು.

ಭಾರತದ ಪಾಸ್‌ಪೋರ್ಟಿನವರಿಗೆ ಇನ್ನೊಂದು ಹೆಜ್ಜೆ ಜಾಸ್ತಿ ಇದೆ, ಇದನ್ನು ತುಂಬ ಜನ ಮಿಸ್ ಮಾಡಿಕೊಳ್ಳುತ್ತಾರೆ. ಕೆಲವು ಏರ್‌ಲೈನ್‌ಗಳು ಯುರೋಪಿನವರಲ್ಲದವರ ಪಾಸ್‌ಪೋರ್ಟ್, ವೀಸಾಗಳನ್ನು ಸೆಕ್ಯುರಿಟಿಗೆ ಹೋಗುವ ಮುಂಚೆಯೇ ಕೌಂಟರಿನಲ್ಲಿ ನೋಡುತ್ತವೆ. 'ವೀಸಾ ಚೆಕ್' ಅನ್ನುತ್ತಾರೆ. ಬೋರ್ಡಿಂಗ್ ಪಾಸ್ ಕೈಯಲ್ಲಿದೆ, ಚೆಕ್-ಇನ್ ಬ್ಯಾಗ್ ಇಲ್ಲ, ನೇರ ಗೇಟಿಗೆ ಹೋಗೋಣ ಅಂದುಕೊಂಡರೆ ಗೇಟಿನಿಂದ ವಾಪಸ್ ಓಡಬೇಕಾಗುತ್ತದೆ. ರೋಮ್‌ನಿಂದ ಬಾರ್ಸಿಲೋನಾಕ್ಕೆ ಹೋಗುವಾಗ ಆ ಸಾಲಿನಲ್ಲಿ ನಾವು 35 ನಿಮಿಷ ನಿಂತೆವು. ಕೌಂಟರಿನಲ್ಲಿದ್ದವರು ವೀಸಾ ನೋಡಿದ್ದು ಹತ್ತು ಸೆಕೆಂಡ್. ಷೆಂಗನ್ ದೇಶಗಳ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ) ನಡುವೆ ಇಮಿಗ್ರೇಷನ್ ಇಲ್ಲ ನಿಜ, ಆದರೆ ಇದು ಇದೆ. ಎರಡು ಗಂಟೆ ಮುಂಚೆ ಏರ್‌ಪೋರ್ಟಿನಲ್ಲಿರಿ.

ನಡುವೆ ಲಂಡನ್ ಅಥವಾ ಡಬ್ಲಿನ್ ಸೇರಿಸಿಕೊಳ್ಳುವ ಆಸೆ ಇದ್ದರೆ ನಿಂತು ಯೋಚಿಸಿ. ಬ್ರಿಟನ್, ಐರ್ಲೆಂಡ್ ಎರಡೂ ಷೆಂಗನ್ ಒಳಗಿಲ್ಲ. ಅಲ್ಲಿಗೆ ಬೇರೆ ವೀಸಾ ಬೇಕು. ಅಲ್ಲಿಂದ ಮತ್ತೆ ಪ್ಯಾರಿಸ್‌ಗೋ ರೋಮ್‌ಗೋ ಬರಬೇಕಾದರೆ ನಿಮ್ಮ ಷೆಂಗನ್ ವೀಸಾ ಮಲ್ಟಿಪಲ್ ಎಂಟ್ರಿ ಆಗಿರಬೇಕು. 20 ಯೂರೋ ಟಿಕೆಟ್ ನೋಡಿ ಮರುಳಾಗುವ ಮುಂಚೆ ವೀಸಾ ಸ್ಟಿಕ್ಕರ್ ಓದಿ.

ಏರ್‌ಪೋರ್ಟ್ ಹೆಸರನ್ನೂ ಪೂರ್ತಿ ಓದಿ. ಪ್ಯಾರಿಸ್ ಬೋವೆ ಅಂದರೆ ಪ್ಯಾರಿಸ್ ಅಲ್ಲ, ಅಲ್ಲಿಂದ 80 ಕಿ.ಮೀ.ಗೂ ದೂರದ ಊರು. ಫ್ರಾಂಕ್‌ಫರ್ಟ್ ಹಾನ್ ಇರುವುದು ಫ್ರಾಂಕ್‌ಫರ್ಟಿನಿಂದ ಸುಮಾರು 120 ಕಿ.ಮೀ. ಆಚೆ. ಮೈಸೂರಿನಲ್ಲಿ ಇಳಿಸಿ 'ಬೆಂಗಳೂರು ಮೈಸೂರು ಏರ್‌ಪೋರ್ಟ್' ಅಂದ ಹಾಗೆ! ಮಿಲಾನ್ ಬೆರ್ಗಾಮೊ ಅಷ್ಟು ದೂರ ಇಲ್ಲ, 50 ಕಿ.ಮೀ. ಆಸುಪಾಸು. ಬಸ್ಸಿನ ಚಾರ್ಜು, ಹೋಗಿಬರುವ ಸಮಯ ಎರಡನ್ನೂ ಟಿಕೆಟ್ಟಿಗೆ ಕೂಡಿಸಿ ನೋಡಿ. ನಾವು ಬೆಳಗ್ಗೆ 6.25ರ ವಿಮಾನ ತೆಗೆದುಕೊಂಡು ಜಾಣರಾದೆವು ಅಂದುಕೊಂಡಿದ್ದೆವು. ಮೊಣಕಾಲು ನೋವಿರುವ ಅತ್ತೆಯನ್ನು ರಾತ್ರಿ ಮೂರು ಗಂಟೆಗೆ ಎರಡು ರೈಲು ಬದಲಿಸಿ ಕರೆದೊಯ್ಯಲು ಮನಸ್ಸಾಗಲಿಲ್ಲ. ಟ್ಯಾಕ್ಸಿ ಹಿಡಿದೆವು. ಉಳಿಸಿದ್ದು ಅಲ್ಲೇ ಹೋಯಿತು.

ಅಂದ ಹಾಗೆ ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಒಂದು ಒಳ್ಳೆಯ ಸುದ್ದಿ. ಇಷ್ಟೆಲ್ಲಕ್ಕೂ ದುಡ್ಡು ಕೇಳುವ ಜಾಗದಲ್ಲಿ ವ್ಹೀಲ್‌ಚೇರ್ ಸಹಾಯ ಪೂರ್ತಿ ಉಚಿತ, ಅದು ಅಲ್ಲಿನ ಕಾನೂನು. 48 ಗಂಟೆ ಮುಂಚೆ ಏರ್‌ಲೈನಿಗೆ ತಿಳಿಸಬೇಕು. "ನನಗೇನಾಗಿದೆ, ನಾನೇ ನಡೀತೀನಿ" ಅಂತ ಅತ್ತೆ ಮೊದಲು ಮುನಿಸಿಕೊಂಡರು. ಈ ವಿಮಾನಗಳು ಎಷ್ಟೋ ಸಲ ಏರೋಬ್ರಿಡ್ಜ್ ಬಳಸುವುದಿಲ್ಲ. ಮಳೆಯಲ್ಲಿ ಬಯಲಲ್ಲೇ ವಿಮಾನದವರೆಗೆ ನಡೆದು ಮೆಟ್ಟಿಲು ಹತ್ತಬೇಕು. ಮೊದಲ ವಿಮಾನದ ಆ ಮೆಟ್ಟಿಲು ಹತ್ತಿದ ಮೇಲೆ ಅವರೇ "ಆ ಕುರ್ಚಿ ಹೇಳಿಬಿಡು" ಅಂದರು.

ರೋಮ್‌ನಲ್ಲಿ ವಿಮಾನ ತಡವಾಯಿತು. ಇದರ ಬಗ್ಗೆ ತಿಳಿದಿರಲಿ. ಯುರೋಪಿನಿಂದ ಹೊರಡುವ ವಿಮಾನ ಗುರಿ ಸೇರುವುದು 3 ಗಂಟೆ ಅಥವಾ ಹೆಚ್ಚು ತಡವಾಗಿ, ತಪ್ಪು ಏರ್‌ಲೈನಿನದಾದರೆ, ಪ್ರಯಾಣಿಕರಿಗೆ ಪರಿಹಾರ ಕೊಡಬೇಕು. 1500 ಕಿ.ಮೀ. ಒಳಗಿನ ದಾರಿಗೆ 250 ಯೂರೋ. ಟಿಕೆಟ್ 27 ಯೂರೋ ಆಗಿದ್ದರೂ ಅಷ್ಟೇ, ಪಾಸ್‌ಪೋರ್ಟ್ ಯಾವ ದೇಶದ್ದಾದರೂ ಅಷ್ಟೇ. ಹವಾಮಾನ ಕೆಟ್ಟಿದ್ದರೆ ಈ ಹಣ ಇಲ್ಲ. ಆದರೆ ಇಷ್ಟು ದೂರದ ವಿಮಾನ 2 ಗಂಟೆಗಿಂತ ತಡ ಅಂದರೆ ಊಟ, ನೀರು ಕೊಡಲೇಬೇಕು, ರಾತ್ರಿ ಉಳಿಯಬೇಕಾದರೆ ಹೋಟೆಲ್ ಕೂಡ. ಯಾರೂ ಕರೆದು ಕೊಡುವುದಿಲ್ಲ, ನಾವೇ ಹೋಗಿ ಕೇಳಬೇಕು. ನಾವು ಕೇಳಿದೆವು, ಕೂಪನ್ ಸಿಕ್ಕಿತು, ಮೂರು ಸ್ಯಾಂಡ್‌ವಿಚ್ ಬಂತು. ಇನ್ನು ಬಾರ್ಸಿಲೋನಾ ಮುಟ್ಟಿದ್ದು ಎಷ್ಟು ತಡ? ಲೆಕ್ಕಕ್ಕೆ ಬರುವುದು ಚಕ್ರ ನೆಲ ಮುಟ್ಟಿದ ಹೊತ್ತಲ್ಲ, ಬಾಗಿಲು ತೆರೆದ ಹೊತ್ತು. 2014ರಲ್ಲಿ ಯುರೋಪಿನ ಕೋರ್ಟ್ ಹಾಗೆ ತೀರ್ಪು ಕೊಟ್ಟಿದೆ. ವಿಮಾನ ನಿಂತಾಗ ಇವರು ಗಡಿಯಾರ ಹಿಡಿದು ಬಾಗಿಲನ್ನೇ ನೋಡುತ್ತಿದ್ದರು. 2 ಗಂಟೆ 48 ನಿಮಿಷ. ಇನ್ನು ಹನ್ನೆರಡು ನಿಮಿಷ ಬಾಗಿಲು ಜಾಮ್ ಆಗಬಾರದಿತ್ತಾ ಅಂತ ಇವತ್ತಿಗೂ ಅನ್ನುತ್ತಾರೆ.

ಇದೇ ಕಾರಣಕ್ಕೆ ಇನ್ನೊಂದು ಮಾತು. ಅಗ್ಗದ ವಿಮಾನದಿಂದ ಇಳಿದು ಅದೇ ದಿನ ಬೆಂಗಳೂರಿನ ವಿಮಾನ ಹಿಡಿಯುವ ಪ್ಲ್ಯಾನ್ ಮಾಡಬೇಡಿ. ಎರಡು ಬೇರೆ ಟಿಕೆಟ್ ಆದ್ದರಿಂದ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಯಾರಿಗೂ ಸಂಬಂಧವಿಲ್ಲ. ಬ್ಯಾಗನ್ನೂ ನೀವೇ ತೆಗೆದುಕೊಂಡು ಮತ್ತೆ ಹಾಕಬೇಕು. ನಡುವೆ ಒಂದು ರಾತ್ರಿ ಬಿಡಿ.

ವಿಮಾನದ ಒಳಗೆ ಹೇಳುವಂಥದ್ದೇನಿಲ್ಲ. ನೀರಿಗೂ ದುಡ್ಡು. ಖಾಲಿ ಬಾಟಲಿ ಸೆಕ್ಯುರಿಟಿ ದಾಟಿಸಿ ಒಳಗೆ ತುಂಬಿಕೊಳ್ಳಿ. ಸೀಟಿಗೆ ದುಡ್ಡು ಕೊಡದಿದ್ದರೆ ಮನೆಯವರನ್ನು ಚೆಲ್ಲಾಪಿಲ್ಲಿ ಮಾಡುತ್ತಾರೆ. ಎರಡು ಗಂಟೆ ತಾನೇ ಅಂತ ನಾವು ಕೊಡಲಿಲ್ಲ. ಅತ್ತೆ ಹಿಂದೆ ಎಲ್ಲೋ ನಡುವಿನ ಸೀಟಿನಲ್ಲಿ. ಇಳಿಯುವಾಗ ನೋಡಿದರೆ ಪಕ್ಕದ ಇಟಲಿಯ ಅಜ್ಜಿ ಕೋಡುಬಳೆ ಕಡಿಯುತ್ತಿದ್ದರು.

ಮತ್ತೆ ಹೋಗುವುದಾದರೆ ರೋಮ್–ಬಾರ್ಸಿಲೋನಾದಂಥ ದಾರಿಗೆ ಇದೇ ವಿಮಾನ ಹತ್ತುತ್ತೇನೆ, ನೇರ ರೈಲಿಲ್ಲ. ರೋಮ್–ಮಿಲಾನ್ ಆದರೆ ಖಂಡಿತ ಇಲ್ಲ, ರೈಲು ಮೂರು ಗಂಟೆಯಲ್ಲಿ ಊರ ನಡುವಿನಿಂದ ಊರ ನಡುವಿಗೆ ಬಿಡುತ್ತದೆ. ಆ ಚಕ್ರದ ಬ್ಯಾಗನ್ನು ತಮ್ಮನ ಮನೆಯಲ್ಲೇ ಬಿಟ್ಟು ಬಂದೆವು. ವಾಪಸ್ ಬರುವ ಹಿಂದಿನ ರಾತ್ರಿ ಬಾರ್ಸಿಲೋನಾದ ರೂಮಿನಲ್ಲಿ ಅತ್ತೆ ತಮ್ಮ ಹೊಸ ಬಟ್ಟೆ ಚೀಲಕ್ಕೆ ಬ್ಲೌಸ್ ಅಳೆಯುವ ಟೇಪು ಸುತ್ತಿ, "ಮೂವತ್ತೆಂಟು ಇದೆ ಕಣೇ, ಇನ್ನೊಂದು ಸೀರೆ ಹಿಡಿಯುತ್ತೆ" ಅಂದರು.